ಗುಬ್ಬಿ ಗೇಟ್ ದಾಟಿದ ಮೇಲಿನ ಚಳಿ



ಮಾಗಿಯ ತಿಂಗಳಲ್ಲಿ ಬೆಳಗಿನ ಜಾವ ಐದೂವರೆಗೆ ತುಮಕೂರಿನ ಗುಬ್ಬಿ ಗೇಟ್ ದಾಟಿ ಬೈಕಿನಲ್ಲಿ ಹೋದವರಿಗೆ ನಾನು ಹೇಳಹೊರಟಿರುವುದು ಮೈಗೆ ಗೊತ್ತಿರುವ ವಿಷಯ. ಅಲ್ಲಿಯವರೆಗೆ ಊರಿನ ಚಳಿ. ಒಂದು ಸ್ವೆಟರ್ ಸಾಕು, ಹೆಲ್ಮೆಟ್ಟಿನ ಗಾಜು ಎತ್ತಿಕೊಂಡೇ ಹೋಗಬಹುದು. ಮನೆಗಳ ಸಾಲು ಮುಗಿದು ಎರಡೂ ಕಡೆ ಬಯಲು ಬಿಚ್ಚಿಕೊಂಡ ಕೂಡಲೇ ಚಳಿಯ ಬಗೆಯೇ ಬೇರೆಯಾಗುತ್ತದೆ. ಕುತ್ತಿಗೆಯ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಬೆರಳಿನ ಗೆಣ್ಣುಗಳು ಬಿಗಿಯುತ್ತವೆ. ಹೆಗ್ಗೆರೆ ಬಂತು ಅನ್ನುವಾಗ ಸ್ವಲ್ಪ ಬಿಸುಪು. ಅದನ್ನು ದಾಟಿ ಮಲ್ಲಸಂದ್ರದ ಕಡೆ ನಡೆದರೆ ಮತ್ತೆ ಇರಿತ. ತೆಂಗಿನ ತೋಟದ ನಡುವೆ ಒಂದು ಥರ, ರಾಗಿ ಕೊಯ್ದ ಬೋಳು ಹೊಲದ ಪಕ್ಕ ಇನ್ನೊಂದು ಥರ. ಗುಬ್ಬಿಗೆ ಇರುವುದು ಸುಮಾರು 20 ಕಿಲೋಮೀಟರ್ ಮಾತ್ರ. ಅಷ್ಟರೊಳಗೆ ಮೈ ಮತ್ತೆ ಮತ್ತೆ ಹೊಸ ಹವೆಗೆ ಒಗ್ಗಿಕೊಳ್ಳಬೇಕು.

ನಮ್ಮ ಸೀಮೆಯ ಚಳಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಡಿಸೆಂಬರ್, ಜನವರಿಯ ಬೆಳಗ್ಗೆ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಮೋಡವಿಲ್ಲದ ಒಣ ಹವೆಯ ಕೆಲವು ದಿನ 12ಕ್ಕೆ, 10ಕ್ಕೆ ಇಳಿಯುತ್ತದೆ. ಪಕ್ಕದ ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. ಅಲ್ಲಿಯ ದಾಖಲೆಯಲ್ಲಿ ಅದಕ್ಕಿಂತ ಕೆಳಗಿನ ಅಂಕಿ ಇಲ್ಲ. ಹಾಗಾಗಿ ಲಡಾಖಿಗೆ ಬೈಕಿನಲ್ಲಿ ಹೋಗಿ ಬಂದವರು ಇದನ್ನು ಚಳಿ ಎಂದೇ ಒಪ್ಪುವುದಿಲ್ಲ. ಆದರೆ ಲಡಾಖಿಗೆ ಹೋಗುವವರು ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ಹೋಗುತ್ತಾರೆ. ನಮ್ಮ ಹಾಲಿನವರು, ಸೊಪ್ಪು ತರಕಾರಿಯವರು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಮೆಟ್ಟಿ, ತಲೆಗೊಂದು ಟವೆಲ್ ಸುತ್ತಿ ಹೊರಡುತ್ತಾರೆ. ವಸಂತನರಸಾಪುರದ ಕಾರ್ಖಾನೆಗಳಿಗೆ ಮೊದಲ ಪಾಳಿಗೆ ಹೋಗುವ ಹುಡುಗರು ಬರಿಗೈಯಲ್ಲಿ ಹ್ಯಾಂಡಲ್ ಹಿಡಿದಿರುತ್ತಾರೆ. ಇವರಿಗೆ ಬೈಕ್ ಸವಾರಿ ಮೋಜಲ್ಲ, ದಿನದ ದುಡಿಮೆ. ಈ ಮಾತು ಅವರಿಗಾಗಿ.

ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಒಂದೇ ಸಮನೆ ಇರುವ ಚಳಿಗೆ ಮೈ ಹೇಗೋ ಹೊಂದಿಕೊಳ್ಳುತ್ತದೆ. ಸವಾರನನ್ನು ಕೆಡವುವುದು ಚಳಿ ಬದಲಾಗುವ ಜಾಗ. ತಗ್ಗಿಗೆ ಇಳಿದಾಗ, ಕೆರೆ ಏರಿ ಹತ್ತಿದಾಗ, ತೋಟದಿಂದ ಬಯಲಿಗೆ ಬಂದಾಗ ಗಾಜು ಮಂಜಾಗುತ್ತದೆ, ಕೈ ತಡವಾಗುತ್ತದೆ. ಆ ಜಾಗಗಳು ಎಲ್ಲಿವೆ ಎಂದು ನೆಲವನ್ನು ನೋಡಿಯೇ ಹೇಳಬಹುದು.

ಮೊದಲು ಊರಿನ ಮಾತು. ಡಾಂಬರು, ಸಿಮೆಂಟು, ಗೋಡೆ ಇವೆಲ್ಲ ಹಗಲು ಹೀರಿದ ಬಿಸಿಲನ್ನು ರಾತ್ರಿಯಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿರುತ್ತವೆ. ಪಟ್ಟಣದ ರಾತ್ರಿ ಸುತ್ತಲಿನ ಹಳ್ಳಿಯ ರಾತ್ರಿಗಿಂತ ಬೆಚ್ಚಗಿರುತ್ತದೆ ಎಂದು ಲಂಡನ್ನಿನ ಲ್ಯೂಕ್ ಹೊವಾರ್ಡ್ ವರ್ಷಗಟ್ಟಲೆ ಅಳೆದು 1818ರ ಹೊತ್ತಿಗೇ ಪುಸ್ತಕದಲ್ಲಿ ಬರೆದಿದ್ದ. ಮೋಡಗಳಿಗೆ ಈಗ ನಾವು ಬಳಸುವ ಹೆಸರುಗಳನ್ನು ಕೊಟ್ಟವನೂ ಅವನೇ. ತುಮಕೂರು ಬೆಳೆಯುತ್ತಿರುವ ರೀತಿ ನೋಡಿದರೆ ಗುಬ್ಬಿ ಗೇಟಿನಲ್ಲಿ ಸಿಗುತ್ತಿದ್ದ ಈ ಚಳಿಯ ಹೊಸ್ತಿಲು ವರ್ಷ ವರ್ಷಕ್ಕೂ ಹೊರಗೆ ಸರಿಯುತ್ತಿದೆ. ಕುಣಿಗಲ್ ರಸ್ತೆಯಲ್ಲೂ ಅಷ್ಟೆ. ರಿಂಗ್ ರಸ್ತೆ ದಾಟುವವರೆಗೆ ಒಂದು ಹವೆ, ಆಮೇಲೆ ಗೂಳೂರಿನ ಹವೆ.

ಇನ್ನು ತೋಟ ಮತ್ತು ಬಯಲಿನ ವ್ಯತ್ಯಾಸ. ಇದನ್ನು ಬಿಡಿಸಿ ತೋರಿಸಿದವನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ. 1814ರಲ್ಲಿ ಇಬ್ಬನಿಯ ಮೇಲೆ ಒಂದು ಪ್ರಬಂಧ ಬರೆದ. ರಾತ್ರಿಯ ಹೊತ್ತು ಉಣ್ಣೆಯ ಚಿಕ್ಕ ಚಿಕ್ಕ ಉಂಡೆಗಳನ್ನು ತೂಗಿ, ಕೆಲವನ್ನು ಹಲಗೆಯ ಮೇಲೆ, ಕೆಲವನ್ನು ಹಲಗೆಯ ಕೆಳಗೆ ಇಟ್ಟು, ಬೆಳಗ್ಗೆ ಮತ್ತೆ ತೂಗಿ ನೋಡುತ್ತಿದ್ದ. ಆಕಾಶಕ್ಕೆ ಮುಖ ಮಾಡಿದ ಉಣ್ಣೆಗೆ ಇಬ್ಬನಿ ಹೆಚ್ಚು ಹಿಡಿದಿರುತ್ತಿತ್ತು, ಹಲಗೆಯ ಮರೆಯ ಉಣ್ಣೆಗೆ ಕಡಿಮೆ. ತಿಳಿಯಾದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ನಡುವೆ ಒಂದು ಮರೆ ಇದ್ದರೆ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ನಮ್ಮ ತೆಂಗಿನ ಗರಿ, ಅಡಿಕೆ ತೋಟದ ಚಪ್ಪರ, ರಸ್ತೆ ಬದಿಯ ಹುಣಸೆ ಮರ ಇವೆಲ್ಲ ವೆಲ್ಸ್‌ನ ಹಲಗೆಯ ಕೆಲಸ ಮಾಡುತ್ತವೆ. ರಾಗಿ, ಹುರುಳಿ ಕಿತ್ತು ಖಾಲಿಯಾದ ಹೊಲಕ್ಕೆ ಆ ಮರೆಯಿಲ್ಲ. ಗುಬ್ಬಿ ರಸ್ತೆಯಲ್ಲಿ ತೋಟ ಮುಗಿದು ಬಯಲು ಶುರುವಾಗುವ ಕಡೆ ಎದೆಗೆ ಗುದ್ದಿದಂತೆ ಆಗುವುದು ಇದರಿಂದಲೇ. ರಸ್ತೆ ಅಗಲ ಮಾಡುವಾಗ ಸಾಲುಮರಗಳು ಹೋದ ಕಡೆ ನೆರಳು ಹೋಯಿತು ಎಂದು ಬೇಸಿಗೆಯಲ್ಲಿ ಮರುಗುತ್ತೇವೆ. ಮಾಗಿಯಲ್ಲೂ ಅವು ನಮಗೆ ಹೊದಿಕೆಯಾಗಿದ್ದವು.

ಮೂರನೆಯದು ತಗ್ಗು. ತಣ್ಣಗಾದ ಗಾಳಿಗೆ ತೂಕ ಹೆಚ್ಚು. ರಾತ್ರಿ ಗಾಳಿ ಬೀಸದೆ ನಿಂತಾಗ ಅದು ನೀರಿನ ಹಾಗೆ ದಿಣ್ಣೆಯಿಂದ ಜಾರಿ ಹಳ್ಳಕ್ಕೆ ಹರಿದು ಅಲ್ಲೇ ಮಡುಗಟ್ಟುತ್ತದೆ. ತುಮಕೂರಿನಿಂದ ದಕ್ಷಿಣಕ್ಕೆ ನೆಲ ಇಳಿಯುತ್ತಾ ಹೋಗುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿ ಈ ಇಳಿಜಾರನ್ನೇ ಹಿಡಿದು ಕಡಬದ ಕೆರೆ ತುಂಬಿಸಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಅದಕ್ಕೆ ಸೇರುವ ಪ್ರತಿಯೊಂದು ಹಳ್ಳವೂ ಮಾಗಿಯ ಬೆಳಗ್ಗೆ ಚಳಿಯ ಒಂದು ಮಡು. ನಾಗವಲ್ಲಿ, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗುವಾಗ ರಸ್ತೆ ಇಳಿದು ಮೋರಿ ದಾಟಿ ಮತ್ತೆ ಏರುವ ಕಡೆಯಲ್ಲೆಲ್ಲ ಇದು ಅನುಭವಕ್ಕೆ ಬರುತ್ತದೆ. ಮೋರಿಯ ಹತ್ತಿರ ಮಂಡಿಯವರೆಗೆ ಕೊರೆಯುವ ಚಳಿ, ಏರು ಹತ್ತಿದ ಕೂಡಲೇ ಮುಖಕ್ಕೆ ಬೆಚ್ಚನೆ ಗಾಳಿ. ಇಳಿಜಾರು ಕಂಡಾಗಲೇ ಕೈ ಸಡಿಲಿಸಿ ವೇಗ ಇಳಿಸಿಕೊಂಡರೆ ಮೋರಿಯ ಬಳಿ ಕಾವಳ ಇದ್ದರೂ ಅದರೊಳಗೆ ಕುರುಡಾಗಿ ನುಗ್ಗುವುದು ತಪ್ಪುತ್ತದೆ.

ಬೆಟ್ಟ ಹತ್ತಿದಷ್ಟೂ ಚಳಿ ಎಂಬ ನಮ್ಮ ನಂಬಿಕೆ ಹಗಲಿಗೆ ಸರಿ. ಸುಮಾರು 4,000 ಅಡಿ ಎತ್ತರದ ದೇವರಾಯನದುರ್ಗಕ್ಕೆ ಸೂರ್ಯೋದಯ ನೋಡಲು ಹೋಗುವ ಹುಡುಗರು ಇದನ್ನು ಪರೀಕ್ಷೆ ಮಾಡಬಹುದು. ನಾಮದ ಚಿಲುಮೆಯ ಸುತ್ತಿನ ಕಾಡಿನ ತಗ್ಗಿನಲ್ಲಿ ಹಲ್ಲು ಕಟಕಟಿಸುತ್ತಿರುತ್ತದೆ. ತಿರುವುಗಳನ್ನು ಹತ್ತಿ ಬೆಟ್ಟದ ನಡುವಿಗೆ ಬಂದಾಗ ಎಷ್ಟೋ ಬೆಳಗ್ಗೆ ಅಲ್ಲಿ ಬೆಚ್ಚಗಿರುತ್ತದೆ. ತಣ್ಣನೆಯ ಗಾಳಿ ಕೆಳಗಿಳಿದು ಬೆಚ್ಚನೆಯದು ಮೇಲೆ ಉಳಿದಿರುತ್ತದೆ. ಹಾಗಾಗಿ ತುದಿಯಲ್ಲಿ ಬಿಚ್ಚಿದ ಜರ್ಕಿನ್ನನ್ನು ಇಳಿಯುವ ಮುಂಚೆ ಹಾಕಿಕೊಳ್ಳಬೇಕು. ಇಳಿಯುವಾಗಲೇ ಚಳಿ ಜಾಸ್ತಿ.

ಕೆರೆಯ ಲೆಕ್ಕ ಇನ್ನೂ ಬೇರೆ. ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರುವ ಕುಣಿಗಲ್ ದೊಡ್ಡ ಕೆರೆ, ಗುಬ್ಬಿಯ ಕೆರೆ, ತುಮಕೂರಿನ ಅಮಾನಿಕೆರೆ, ಇವೆಲ್ಲ ಈ ಸೀಮೆಯ ಹವೆಯನ್ನು ಆಳುತ್ತವೆ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಬೆಳಗಿನ ಜಾವ ಕೆರೆಯ ನೀರು ಸುತ್ತಲಿನ ಗಾಳಿಗಿಂತ ಬೆಚ್ಚಗಿರುತ್ತದೆ, ಅದಕ್ಕೇ ಅದರ ಮೇಲೆ ಹಬೆ ಏಳುತ್ತದೆ. ಏರಿಯ ಮೇಲೆ ರಸ್ತೆ ಇರುವ ಯಾವ ಕೆರೆಯಲ್ಲಾದರೂ ನಿಧಾನವಾಗಿ ಹೋಗಿ ನೋಡಿ. ನೀರಿನ ಕಡೆಯ ಕೆನ್ನೆಗೆ ತೇವದ ಸೌಮ್ಯ ಗಾಳಿ, ಅಚ್ಚುಕಟ್ಟಿನ ಕಡೆಯ ಕೆನ್ನೆಗೆ ಗದ್ದೆಯ ಕೊರೆತ. ಎರಡೂ ಬೆರೆಯುವುದು ಏರಿಯ ಮೇಲೆಯೇ. ತೇವದ ಬಿಸಿಗಾಳಿ ಮತ್ತು ಒಣ ತಣ್ಣನೆ ಗಾಳಿ ಬೆರೆತ ಕಡೆ ಕಾವಳ ಹುಟ್ಟುತ್ತದೆ. ಏರಿ ಎಂದರೆ ಎರಡು ಕಡೆಯೂ ಇಳಿಜಾರು, ಹಲವು ಕಡೆ ತಡೆಗೋಡೆ ಇಲ್ಲ, ತೂಬಿನ ಹತ್ತಿರ ತಿರುವು. ಈ ಸೀಮೆಯ ರಸ್ತೆಗಳಲ್ಲಿ ಕಣ್ಣು ಕಾಣದಂತಾಗಲು ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಕಾವಳದ ಹೊತ್ತಿನ ಬಗ್ಗೆಯೂ ಒಂದು ಮಾತು. ಬೆಳಕು ಹರಿದರೆ ಸರಿಹೋಗುತ್ತದೆ ಎಂದು ಕಾದು ಹೊರಡುವವರು ಇದ್ದಾರೆ. ದಿನದ ಕನಿಷ್ಠ ಉಷ್ಣಾಂಶ ನಡುರಾತ್ರಿಯದಲ್ಲ, ಸೂರ್ಯ ಹುಟ್ಟುವ ಹೊತ್ತಿನದು, ಹಲವು ದಿನ ಹುಟ್ಟಿದ ಸ್ವಲ್ಪ ಹೊತ್ತಿನ ನಂತರದ್ದು. ಮೊದಲ ಬಿಸಿಲಿಗೆ ಹುಲ್ಲಿನ ಮೇಲಿನ ಇಬ್ಬನಿ ಆವಿಯಾಗಿ ಏಳುತ್ತದೆ, ನಿಂತ ಗಾಳಿ ಸ್ವಲ್ಪ ಅಲುಗುತ್ತದೆ, ನೆಲಕ್ಕಂಟಿದ್ದ ತೆಳು ಮಂಜು ದಪ್ಪವಾಗಿ ಎದೆಯೆತ್ತರಕ್ಕೆ ಬರುತ್ತದೆ. ಆರೂವರೆಗೆ ತಿಳಿಯಾಗಿದ್ದ ರಸ್ತೆ ಏಳಕ್ಕೆ ಮುಚ್ಚಿಹೋಗಬಹುದು. ಕಾಯುವುದಾದರೆ ಎಂಟರವರೆಗೆ ಕಾಯಬೇಕು. ಅಷ್ಟು ಕಾಯಲು ಎಲ್ಲರಿಗೂ ಆಗುವುದಿಲ್ಲ ಎಂಬುದು ನನಗೆ ಗೊತ್ತು. ಡೇರಿಯ ಹಾಲು ಕಾಯುವುದಿಲ್ಲ, ಪಾಳಿಯ ಗಂಟೆ ಕಾಯುವುದಿಲ್ಲ, ಧನುರ್ಮಾಸದ ಪೂಜೆಯೂ ಸೂರ್ಯ ಹುಟ್ಟುವ ಮುಂಚೆಯೇ ಆಗಬೇಕು. ಹೊರಡಲೇಬೇಕಾದವರು ಕಾವಳದಲ್ಲಿ ದೀಪವನ್ನು ಡಿಮ್ ಇಡಬೇಕು. ಹೈಬೀಮ್ ಹಾಕಿದರೆ ಆ ಬೆಳಕು ಮಂಜಿನ ಹನಿಗಳಿಗೆ ಬಡಿದು ವಾಪಸ್ ನಮ್ಮ ಕಣ್ಣಿಗೇ ಬರುತ್ತದೆ, ಎದುರಿಗೊಂದು ಬಿಳಿ ಗೋಡೆ ಎದ್ದು ನಿಲ್ಲುತ್ತದೆ.

ಈಗ ಗಾಳಿಯ ಮಾತಿಗೆ ಬರುತ್ತೇನೆ. ಥರ್ಮಾಮೀಟರ್ ತೋರಿಸುವ ಚಳಿ ನಿಂತವನ ಚಳಿ, ಓಡುವವನದು ಬೇರೆ. ಮೈಯ ಸುತ್ತ ನಾವೇ ಬೆಚ್ಚಗೆ ಮಾಡಿಕೊಂಡ ಒಂದು ತೆಳ್ಳನೆ ಗಾಳಿಯ ಪದರ ಇರುತ್ತದೆ, ಬೀಸುವ ಗಾಳಿ ಅದನ್ನು ಕಿತ್ತೊಯ್ಯುತ್ತದೆ. ಇದನ್ನು ಅಳೆಯಲು ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು 1941ರಲ್ಲಿ ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ನೇತುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿದರು. ಅಮೆರಿಕ, ಕೆನಡಾಗಳಲ್ಲಿ 2001ರಿಂದ ಬಳಕೆಯಲ್ಲಿರುವ ಸುಧಾರಿಸಿದ ಸೂತ್ರದ ಪ್ರಕಾರ 10 ಡಿಗ್ರಿ ಇರುವ ಬೆಳಗ್ಗೆ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಗೆ ಒಡ್ಡಿದ ಮುಖಕ್ಕೆ 5 ಡಿಗ್ರಿಯ ಹಾಗೆ ಅನ್ನಿಸುತ್ತದೆ. ಆ ಸೂತ್ರದಲ್ಲಿ ಇನ್ನೊಂದು ಸಂಗತಿ ಇದೆ. ವೇಗವನ್ನು 60ರಿಂದ 40ಕ್ಕೆ ಇಳಿಸಿದರೆ ಸಿಗುವ ಬಿಸುಪು ಒಂದೇ ಒಂದು ಡಿಗ್ರಿ. ನಿಧಾನ ಹೋಗಬೇಕಾದ್ದು ಬ್ರೇಕಿಗಾಗಿ, ಕಣ್ಣಿಗಾಗಿ. ಚಳಿ ತಡೆಯಲು ಬೇಕಾದ್ದು ಗಾಳಿ ತೂರದ ಹೊದಿಕೆ.

ಇದನ್ನು ನಮ್ಮವರು ತಿಳಿದುಕೊಂಡರೆ ದುಡ್ಡಿಲ್ಲದೆ ಅರ್ಧ ಕಷ್ಟ ಕಳೆಯುತ್ತದೆ. ಉಣ್ಣೆಯ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಹಾಕುವುದಕ್ಕಿಂತ, ಒಂದು ಸ್ವೆಟರಿನ ಮೇಲೆ ಮಳೆಗಾಲದ ರೈನ್‌ಕೋಟ್ ಹಾಕಿಕೊಳ್ಳುವುದು ಮೇಲು. ಉಣ್ಣೆ ಬಿಸುಪನ್ನು ಹಿಡಿದಿಡುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ರೈನ್‌ಕೋಟ್ ಗಾಳಿಯನ್ನು ತಡೆಯುತ್ತದೆ. ಅದೂ ಇಲ್ಲವಾದರೆ ಅಂಗಿಯೊಳಗೆ ಎದೆಯ ಮೇಲೆ ಹಳೆಯ ದಿನಪತ್ರಿಕೆಯ ಎರಡು ಹಾಳೆ. ಫ್ರಾನ್ಸಿನ ಹೆಸರಾಂತ ಸೈಕಲ್ ಸ್ಪರ್ಧೆಯಲ್ಲಿ ಪರ್ವತದ ಕಣಿವೆ ಇಳಿಯುವ ಮುಂಚೆ ಸವಾರರು ರಸ್ತೆ ಬದಿಯವರಿಂದ ಪತ್ರಿಕೆ ಇಸಿದುಕೊಂಡು ಎದೆಗೆ ತುರುಕಿಕೊಳ್ಳುವ ಪದ್ಧತಿ ದಶಕಗಳಿಂದ ಇದೆ. ನಮ್ಮ ಹಳೆಯ ತಲೆಮಾರಿನ ಪೋಸ್ಟ್‌ಮ್ಯಾನ್‌ಗಳು, ಹಾಲಿನವರು ಯಾರೂ ಹೇಳಿಕೊಡದೆ ಇದನ್ನೇ ಮಾಡುತ್ತಿದ್ದರು.

ಕೈಯ ವಿಷಯ ಹೇಳುವಾಗ ನನಗೆ ಅಂತರಸನಹಳ್ಳಿ ಮಾರುಕಟ್ಟೆಯ ಹೊರಗೆ ಕಂಡ ಒಬ್ಬರು ನೆನಪಾಗುತ್ತಾರೆ. ಟಿವಿಎಸ್ ಎಕ್ಸ್‌ಎಲ್ ಮೇಲೆ ಅವರೆಕಾಯಿ ಮೂಟೆ ತಂದಿದ್ದರು. ಮೂಟೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಗಂಟು ಹಾಕಿತ್ತು. ಗಾಡಿ ನಿಲ್ಲಿಸಿ ಇಳಿದರು, ಗಂಟಿಗೆ ಕೈ ಹಾಕಿದರು. ಬೆರಳುಗಳು ಗಂಟಿನ ಮೇಲೆ ಜಾರುತ್ತಿದ್ದವು, ಹಿಡಿತ ಸಿಗುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳಿಗೆ ತಾಕುತ್ತಿತ್ತು, ಒತ್ತುತ್ತಿರಲಿಲ್ಲ. ಕಡೆಗೆ ಬಗ್ಗಿ ಹಲ್ಲಿನಿಂದ ಗಂಟು ಎಳೆದು ಬಿಚ್ಚಿದರು. ಎರಡು ನಿಮಿಷದ ಹಿಂದೆ ಅದೇ ಬೆರಳುಗಳು ಲಾರಿಗಳು ಓಡುವ ಹೆದ್ದಾರಿಯಲ್ಲಿ ಬ್ರೇಕ್ ಹಿಡಿದಿದ್ದವು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನಿಸುತ್ತದೆ.

ದೇಹ ಮಾಡುವುದು ತನ್ನ ಉಳಿವಿನ ಲೆಕ್ಕ. ಹೃದಯ, ಶ್ವಾಸಕೋಶಗಳನ್ನು 37 ಡಿಗ್ರಿಯಲ್ಲಿ ಇಟ್ಟುಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡಿ ರಕ್ತವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೆರಳಿನ ಚರ್ಮ 15 ಡಿಗ್ರಿಗಿಂತ ಕೆಳಗೆ ಇಳಿದರೆ ಸೂಕ್ಷ್ಮ ಕೆಲಸ ಕೈಲಾಗದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಬೈಕ್ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಮರಗಟ್ಟಿದ ಬೆರಳು ಅರ್ಧ ಸೆಕೆಂಡ್ ತಡ ಮಾಡಿದರೆ ಎಂಟು ಮೀಟರಿಗೂ ಹೆಚ್ಚು ದೂರ. ಒಂದು ಟ್ರ್ಯಾಕ್ಟರ್ ಟ್ರೈಲರಿನ ಉದ್ದಕ್ಕಿಂತ ಅದು ಜಾಸ್ತಿ. ಅದಕ್ಕೇ ನಾನು ಸ್ವೆಟರಿಗಿಂತ ಮೊದಲು ಕೈಗವಸು ಕೊಳ್ಳಿ ಎನ್ನುತ್ತೇನೆ. ಉಣ್ಣೆಯದಾದರೆ ಅದರ ಮೇಲೆ ಪಾತ್ರೆ ತೊಳೆಯುವ ದೊಡ್ಡ ಅಳತೆಯ ರಬ್ಬರ್ ಗವಸು ಎಳೆದುಕೊಂಡರೂ ಗಾಳಿ ತಡೆಯುತ್ತದೆ. ಆದರೆ ಲಿವರ್ ಹಿಡಿತ ಸರಿಯಿದೆಯೇ ಎಂದು ಮನೆಯ ಮುಂದೆಯೇ ನೋಡಿಕೊಳ್ಳಬೇಕು.

ಗಾಡಿ ನಿಲ್ಲಿಸಿ ಇಂಜಿನ್ನಿಗೆ, ಸೈಲೆನ್ಸರಿಗೆ ಕೈ ಒಡ್ಡಿ ಕಾಯಿಸಿಕೊಳ್ಳುವವರನ್ನು ನೋಡುತ್ತೇವೆ. ದಯವಿಟ್ಟು ಬೇಡ. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದು ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಎರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು ಎರಡು ನಿಮಿಷ ನಿಂತರೆ ಸಾಕು. ಬಿಸಿ ಟೀ ಲೋಟವೂ ಒಳ್ಳೆಯದೇ. ಮೈ ಬೆಚ್ಚಗಾಗಲಿ ಎಂದು ಒಂದು ಗುಟುಕು ಹೆಂಡ ಹಾಕುವುದು ಮಾತ್ರ ತಿರುಗಿ ಬಡಿಯುತ್ತದೆ. ಅದು ಚರ್ಮದ ರಕ್ತನಾಳಗಳನ್ನು ಅಗಲಿಸಿ ಒಳಗಿನ ಶಾಖವನ್ನು ಗಾಳಿಗೆ ಕೊಟ್ಟುಬಿಡುತ್ತದೆ. ಬೆಚ್ಚಗಾದಂತೆ ಅನ್ನಿಸುತ್ತದೆ, ದೇಹ ತಣ್ಣಗಾಗುತ್ತಿರುತ್ತದೆ.

ಹೆಲ್ಮೆಟ್ಟಿನ ಗಾಜಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹವೆ ತಟಕ್ಕನೆ ಬದಲಾದಾಗ ಮೊದಲು ಮೋಸ ಮಾಡುವುದು ಅದೇ. ಮಂಜು ಎರಡು ರೀತಿ ಕಟ್ಟುತ್ತದೆ. ಊರು ಬಿಟ್ಟು ಬಯಲಿಗೆ ಬಂದಾಗ ಹೊರಗಿನ ಗಾಳಿಗೆ ಗಾಜು ತಣ್ಣಗಾಗುತ್ತದೆ, ಒಳಗೆ ನಮ್ಮ ಉಸಿರಿನ ತೇವ ಅದಕ್ಕೆ ತಾಗಿ ಹನಿಗಟ್ಟುತ್ತದೆ. ಇದು ಒಳಮಂಜು. ತಗ್ಗಿನ ಚಳಿಯಿಂದ ಕೆರೆ ಏರಿಗೆ ಬಂದಾಗ, ಬಯಲಿಂದ ಊರೊಳಗೆ ಬಂದಾಗ ಉಲ್ಟಾ. ಗಾಜು ಇನ್ನೂ ತಣ್ಣಗಿರುತ್ತದೆ, ಹೊರಗಿನ ಗಾಳಿಯಲ್ಲಿ ತೇವ ಜಾಸ್ತಿ. ಆಗ ಹೊರಗಡೆ ಹನಿ ಕೂರುತ್ತದೆ. ಒಳಮಂಜಾದರೆ ಗಾಜನ್ನು ಒಂದು ಬೆರಳಿನಷ್ಟು ಎತ್ತಬೇಕು, ಗಾಳಿಯಾಡಿದರೆ ತಿಳಿಯಾಗುತ್ತದೆ. ಹೊರಮಂಜಾದರೆ ಎಷ್ಟು ಎತ್ತಿದರೂ ಹೋಗದು, ಎಡಗೈ ಗವಸಿನ ಬೆನ್ನಿನಿಂದ ಒರೆಸಬೇಕು. ಯಾವ ಕಡೆಯದು ಎಂದು ತಿಳಿಯದೆ ಗಾಬರಿಯಲ್ಲಿ ಗಾಜನ್ನು ಪೂರ್ತಿ ಎತ್ತಿದರೆ ಚಳಿಗಾಳಿ ಕಣ್ಣಿಗೆ ಹೊಡೆದು ನೀರು ತುಂಬುತ್ತದೆ. ಕಾಣದಿರುವುದು ಇನ್ನೂ ಹೆಚ್ಚಾಗುತ್ತದೆ.

ಕನ್ನಡಕ ಹಾಕುವವರ ಕಷ್ಟ ಎರಡು ಪಟ್ಟು. ಮೂಗು ಬಾಯಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡರೆ ಉಸಿರೆಲ್ಲ ಮೇಲಕ್ಕೆ ಹೋಗಿ ಕನ್ನಡಕಕ್ಕೆ ಕೂರುತ್ತದೆ. ಮಫ್ಲರ್ ಮೂಗಿನ ಕೆಳಗೆ ಇರಲಿ, ಉಸಿರು ಕೆಳಕ್ಕೆ ಬೀಳಲಿ. ಗಾಜಿನ ಒಳಮೈಗೆ ಒಂದು ಚೂರು ಸೋಪು ಸವರಿ, ಒಣಬಟ್ಟೆಯಿಂದ ಪೂರ್ತಿ ಹೊಳೆಯುವವರೆಗೆ ಉಜ್ಜಿದರೆ ಹನಿ ಹನಿಯಾಗುವ ಬದಲು ನೀರು ತೆಳ್ಳಗೆ ಹರಡಿಕೊಳ್ಳುತ್ತದೆ. ಆ ಬೆಳಗಿನ ಸವಾರಿಗೆ ಅಷ್ಟು ಸಾಕು. ಮಂಜು ತಡೆಯುವ ಲೇಪನ ಇರುವ ಗಾಜಿಗೆ ಮಾತ್ರ ಸೋಪು ಹಚ್ಚಬಾರದು, ಲೇಪನ ಕೆಡುತ್ತದೆ. ಗೀರು ಬಿದ್ದ ಗಾಜನ್ನು ಬದಲಿಸಿ. ಎದುರು ಲಾರಿಯ ದೀಪ ಪ್ರತಿ ಗೀರಿನಲ್ಲೂ ಒಡೆದು ಹರಡುತ್ತದೆ, ಮಂಜೂ ಸೇರಿದರೆ ರಸ್ತೆಯ ಅಂಚೇ ಕಾಣುವುದಿಲ್ಲ.

ದಪ್ಪ ಮಂಕಿ ಟೋಪಿಯ ಮೇಲೆ ಹೆಲ್ಮೆಟ್ ತುರುಕುವುದೂ ಅಪಾಯ. ಪಟ್ಟಿ ಬಿಗಿಯಾಗದೆ ಹೆಲ್ಮೆಟ್ ತಲೆಯ ಮೇಲೆ ಹೊರಳಾಡುತ್ತದೆ. ಬಿದ್ದಾಗ ಅದು ತಲೆಯಲ್ಲೇ ಇರಬೇಕು. ತೆಳ್ಳನೆಯ ಹತ್ತಿ ಬಟ್ಟೆಯ ಮುಸುಕು ಒಳಗೆ ಹಾಕಿ, ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನು ಮೇಲೆ ಹಾಕಿ ಪಟ್ಟಿ ಬಿಗಿದರೆ ಕಿವಿಯೂ ಬೆಚ್ಚಗಿರುತ್ತದೆ.

ಗಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಓಡಿಸಿದವರಿಗೆ ಕಾರ್ಬುರೇಟರಿನ ಮೇಲಿನ ಪುಟ್ಟ ಗುಂಡಿ ಒತ್ತಿ ಪೆಟ್ರೋಲ್ ಜಿನುಗಿಸಿ ಕಿಕ್ ಹೊಡೆದದ್ದು ನೆನಪಿರುತ್ತದೆ. ಆಮೇಲಿನವು ಚೋಕ್ ಎಳೆಯುವ ಗಾಡಿಗಳು. ಚಳಿಗೆ ಪೆಟ್ರೋಲ್ ಸರಿಯಾಗಿ ಆವಿಯಾಗದು, ಅದಕ್ಕೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಕೊಡುವ ಏರ್ಪಾಡು ಇದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಹೊಸ ಬೈಕುಗಳಲ್ಲಿ ಆ ಕೆಲಸವನ್ನು ಇಂಜಿನ್ನಿನ ಉಷ್ಣಾಂಶ ಅಳೆಯುವ ಸೆನ್ಸರ್ ಮಾಡುತ್ತದೆ. ಯಾವುದಾದರೂ ಸರಿ, ಸ್ಟಾರ್ಟ್ ಆದ ಕೂಡಲೇ ಆಕ್ಸಿಲರೇಟರ್ ತಿರುಚಬೇಡಿ. ರಾತ್ರಿ ಆಯಿಲ್ ದಪ್ಪಗಾಗಿ ಕೆಳಗಿಳಿದಿರುತ್ತದೆ, ಅದು ಮೇಲೇರಲು ಅರ್ಧ ನಿಮಿಷ ಕೊಟ್ಟು, ಮೊದಲ ಒಂದೆರಡು ಕಿಲೋಮೀಟರ್ ಮೆತ್ತಗೆ ಹೋಗಿ. ಬ್ಯಾಟರಿಯೂ ಚಳಿಗೆ ಮಂಕಾಗುತ್ತದೆ. ಕಿಕ್ಕರ್ ಇಲ್ಲದ ಗಾಡಿಯವರು ಡಿಸೆಂಬರಿಗೆ ಮುಂಚೆ ಅದನ್ನು ತೋರಿಸಿಕೊಳ್ಳುವುದು ಒಳ್ಳೆಯದು.

ಟೈರಿನ ಗಾಳಿಯನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಮಧ್ಯಾಹ್ನ ಬಿಸಿಲಿನಲ್ಲಿ ಓಡಿಸಿ ಬಂದು ಬಂಕಿನಲ್ಲಿ ಗಾಳಿ ಹಿಡಿಸುತ್ತೇವೆ. ಆಗ ಟೈರಿನೊಳಗಿನ ಗಾಳಿ 45 ಡಿಗ್ರಿ ಇದ್ದು, ಮಾಪಕ 29 ಪಿಎಸ್‌ಐ ತೋರಿಸಿತು ಎನ್ನಿ. ಮಾರನೆಯ ಬೆಳಗ್ಗೆ 12 ಡಿಗ್ರಿಗೆ ತಣ್ಣಗಾದ ಅದೇ ಟೈರಿನಲ್ಲಿ ಉಳಿಯುವುದು 25ಕ್ಕೂ ಕಡಿಮೆ. ಇಬ್ಬನಿಯ ರಸ್ತೆಯ ತಿರುವಿನಲ್ಲಿ ಆ ಮೆತ್ತಗಿನ ಟೈರು ನಮ್ಮ ಕೈಯ ಮಾತು ಕೇಳುವುದಿಲ್ಲ. ಕಂಪನಿಯವರು ಗಾಡಿಯ ಮೇಲೆ ಬರೆದಿರುವ ಅಂಕಿ ತಣ್ಣನೆಯ ಟೈರಿನದು. ಗಾಳಿಯನ್ನು ಬೆಳಗ್ಗೆ, ಮನೆಗೆ ಹತ್ತಿರದ ಬಂಕಿನಲ್ಲಿ ನೋಡಿಸಬೇಕು. ಡಿಸ್ಕ್ ಬ್ರೇಕ್ ಇದ್ದರೆ ಹೊರಟ ಮೊದಲ ನೂರು ಮೀಟರಿನಲ್ಲಿ ಎರಡು ಸಲ ಮೆಲ್ಲಗೆ ಹಿಡಿದು ಬಿಡಿ, ತಟ್ಟೆಯ ಮೇಲಿನ ಇಬ್ಬನಿ ಒರೆಸಿಹೋಗುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ನೋವು ಕೊಡುವುದು. ಶಾಲೆಗೆ, ಅಂಗನವಾಡಿಗೆ, ಜಾತ್ರೆಗೆ ಹೋಗುವಾಗ ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಮುಂದೆ ಕೂರಿಸಿಕೊಳ್ಳುತ್ತೇವೆ. ಅಪ್ಪನಿಗೆ ಗಾಳಿ ತಡೆಯುವ ಮರೆ ಆ ಮಗು. ತಾನು ಬೆಚ್ಚಗಿದ್ದೇನೆ ಎಂದು ಅವನಿಗೆ ಅನ್ನಿಸುವುದು ಮಗು ತಣ್ಣಗಾಗುತ್ತಿರುವುದರಿಂದ. ಮಕ್ಕಳ ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು, ಅವರು ನಮಗಿಂತ ಬೇಗ ಶಾಖ ಕಳೆದುಕೊಳ್ಳುತ್ತಾರೆ. ಚಳಿಯಾಗುತ್ತಿದೆ ಎಂದು ಹೇಳಲು ಎರಡು ವರ್ಷದ ಮಗುವಿಗೆ ಬಾರದು. ಅದು ಸುಮ್ಮನಾಗುತ್ತದೆ, ನಿದ್ದೆ ಬಂತು ಎಂದುಕೊಳ್ಳುತ್ತೇವೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿ, 2023ರ ಫೆಬ್ರುವರಿ 15ರಿಂದ ಜಾರಿಗೆ ತಂದ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ಒಂಬತ್ತು ತಿಂಗಳು ಮೇಲ್ಪಟ್ಟ ಮಗುವಿಗೆ ಅಳತೆಯ ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ಈ ನಿಯಮ ನಮ್ಮ ಊರುಗಳಲ್ಲಿ ಕಾಗದದ ಮೇಲೆಯೇ ಉಳಿದಿದೆ. ದಂಡದ ಭಯಕ್ಕೆ ಬೇಡ, ಮಗುವಿನ ಸಲುವಾಗಿ ಮಾಡೋಣ. ಕನಿಷ್ಠ ಮಾಗಿಯ ಬೆಳಗ್ಗೆಯಾದರೂ ಮಗು ಇಬ್ಬರ ನಡುವೆ ಇರಲಿ. ಬಸ್ ಇದ್ದರೆ ಬಸ್ಸಿನಲ್ಲೇ ಹೋಗಲಿ.

ಕಾರ್ಖಾನೆ ನಡೆಸುವವರಿಗೂ ನನ್ನದೊಂದು ವಿನಂತಿ. ಪಾಳಿಯ ಹುಡುಗರಿಗೆ ಒಳಗೆ ಕೆಲಸ ಮಾಡಲು ಬೂಟು, ಟೋಪಿ, ಗವಸು ಕೊಡುತ್ತೀರಿ. ಗೇಟಿನ ಹೊರಗೆ ಅವರು ಬೆಳಗಿನ ಜಾವ ಬೈಕಿನಲ್ಲಿ ಬರುವುದೂ ನಿಮ್ಮ ಕೆಲಸಕ್ಕೇ. ವರ್ಷಕ್ಕೊಂದು ಜೊತೆ ಸವಾರಿಯ ಗವಸು ನಿಮಗೆ ಹೊರೆಯಲ್ಲ. ಡಿಸೆಂಬರ್, ಜನವರಿ ಎರಡು ತಿಂಗಳು ಮೊದಲ ಪಾಳಿಯನ್ನು ಅರ್ಧ ಗಂಟೆ ಮುಂದೆ ಹಾಕಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಹಾಲು ಉತ್ಪಾದಕರ ಸಂಘಗಳೂ ಈ ಬಗ್ಗೆ ಯೋಚಿಸಬಹುದು.

ಇಷ್ಟು ಹೊತ್ತು ಬೆಳಗಿನ ಮಾತಾಯಿತು. ಸಂಜೆಯ ಬದಲಾವಣೆ ಇನ್ನೂ ಬೇಗ ಆಗುತ್ತದೆ, ನಾವು ಅದಕ್ಕೆ ತಯಾರಾಗಿರುವುದಿಲ್ಲ. ನಮ್ಮ ಮಾಗಿಯ ಹಗಲು 27, 28 ಡಿಗ್ರಿಯವರೆಗೆ ಏರುತ್ತದೆ. ಬೆಳಗ್ಗೆ ಹಾಕಿದ ಜರ್ಕಿನ್ ಹತ್ತು ಗಂಟೆಗೆ ಬೇಯಿಸುತ್ತದೆ, ಬಿಚ್ಚಿ ಅಂಗಡಿಯಲ್ಲೋ ಆಫೀಸಿನಲ್ಲೋ ಇಡುತ್ತೇವೆ. ಬೆವರಿಗೆ ಬನಿಯನ್ ತೋಯ್ದಿರುತ್ತದೆ. ಐದೂವರೆಗೆ ಕುಣಿಗಲ್ ಬಿಡುವಾಗ ಇನ್ನೂ ಹಿತವಾಗಿರುತ್ತದೆ. ಹೆಬ್ಬೂರು ಮುಟ್ಟುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಒದ್ದೆ ಬನಿಯನ್ ಗಾಳಿಗೆ ಆರುತ್ತಾ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ, ಗೂಳೂರಿನ ಹತ್ತಿರ ನಡುಕ ಶುರು. ದಮ್ಮು ಇರುವವರಿಗೆ ಈ ಹೊತ್ತೇ ಕಷ್ಟ. ತಣ್ಣನೆಯ ಒಣಗಾಳಿ ಒಮ್ಮೆಗೆ ಒಳಹೋದರೆ ಶ್ವಾಸನಾಳ ಬಿಗಿಯುತ್ತದೆ, ಬಾಯಿಗೊಂದು ಬಟ್ಟೆ ಮರೆ ಇರಬೇಕು, ಪಂಪು ಕೈಗೆ ಸಿಗುವ ಜೇಬಿನಲ್ಲಿರಬೇಕು.

ಇದೇ ಕಾಲಕ್ಕೆ ರೈತರು ರಾಗಿ, ಹುರುಳಿಯ ಕಟ್ಟುಗಳನ್ನು ಒಕ್ಕಣೆಗೆ ರಸ್ತೆಯ ಮೇಲೆ ಹರಡಿರುತ್ತಾರೆ. ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ, ಅವರ ಕಷ್ಟವೂ ದೊಡ್ಡದು. ಹಗಲು ಒಣಗಿ ಗರಗರ ಎನ್ನುವ ಆ ಹುಲ್ಲು ಸಂಜೆ ಏಳರ ಮೇಲೆ ಇಬ್ಬನಿಗೆ ತೇವವಾಗಿ, ಕೆಳಗೆ ಉದುರಿದ ಕಾಳಿನ ಮೇಲೆ ಜಾರುತ್ತದೆ. ಅದರ ಮೇಲೆ ಬ್ರೇಕ್ ಹಿಡಿಯಬಾರದು, ತಿರುಗಿಸಬಾರದು. ಮುಂಚೆಯೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು, ಕಾಲು ಎರಡೂ ಕಡೆ ಇಳಿಬಿಟ್ಟು ದಾಟಬೇಕು. ಹರಡಿದವರು ಕತ್ತಲಾಗುವ ಮುಂಚೆ ಹುಲ್ಲನ್ನು ಒಂದು ಪಕ್ಕಕ್ಕೆ ಎಳೆದು, ಆ ತುದಿಗೊಂದು ಈ ತುದಿಗೊಂದು ಬಿಳಿ ಚೀಲ ಕಟ್ಟಿದ ಕೋಲು ನೆಟ್ಟರೆ ದೀಪದ ಬೆಳಕಿಗೆ ದೂರದಿಂದಲೇ ಕಾಣುತ್ತದೆ. ಇನ್ನು ಆ ಒದ್ದೆ ಬನಿಯನ್ನಿನ ಮಾತು. ಕುಣಿಗಲ್ ಕಡೆಯಿಂದ ರಾತ್ರಿ ಹೊರಡುವವರು ಒಂದು ಒಣ ಬನಿಯನ್ನನ್ನು ಚೀಲದಲ್ಲಿ ಇಟ್ಟುಕೊಂಡಿರಿ. ಹೊರಡುವ ಮುಂಚೆ ಒದ್ದೆಯದನ್ನು ಬಿಚ್ಚಿ ಅದನ್ನು ಹಾಕಿಕೊಂಡು, ಜರ್ಕಿನ್ನಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಳ್ಳಿ.